ಮಾಡಿದವರು ಯಾರು ಎಂದು ಕೇಳಿದ ಚಳವಳಿ: ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಹುಟ್ಟಿದ್ದು ಯಾಕೆ, ತಲುಪಿದ್ದು ಎಲ್ಲಿಗೆ?

ಆನ್‌ಲೈನ್‌ನಲ್ಲಿ ಕಿಟಕಿ ಪರದೆಯನ್ನೋ ದಿಂಬಿನ ಕವರನ್ನೋ ಹುಡುಕುವವರಿಗೆ ಒಂದು ಚಿತ್ತಾರ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಗಾಢ ನೀಲಿ ನೆಲ. ಅದರ ಮೇಲೆ ಎದುರುಬದುರಾಗಿ ಕೂತ ಹಕ್ಕಿಗಳು. ಕೆಲವು ಹಕ್ಕಿಗಳ ಕೊಕ್ಕಿನಲ್ಲಿ ಕೆಂಪು ಸ್ಟ್ರಾಬೆರಿ. ಸುತ್ತ ಬಳ್ಳಿ, ಎಲೆ, ಹೂವು. ಮೊಬೈಲ್ ಕವರ್, ನೋಟ್‌ಬುಕ್, ಚಹಾದ ಮಗ್ಗು, ಎಲ್ಲದರ ಮೇಲೂ ಇದೇ. ಕೆಳಗೆ 'ವಿಲಿಯಂ ಮಾರಿಸ್ ಪ್ರಿಂಟ್' ಎಂದೋ 'ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಸ್ಟೈಲ್' ಎಂದೋ ಬರೆದಿರುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ಮಾತೂ ಎಲ್ಲ ಕಡೆ ಕೇಳಿಬರುತ್ತಿದೆ. ಎಐಗೆ ನಾಲ್ಕು ಸಾಲು ಟೈಪ್ ಮಾಡಿದರೆ ಸೀರೆಯ ಅಂಚಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಯಾವ ಡಿಸೈನ್ ಬೇಕಾದರೂ ಬಂದುಬಿಡುತ್ತದೆ. ಹಾಗಿದ್ದ ಮೇಲೆ ಮನುಷ್ಯ ಕೂತು ಕೈಯಲ್ಲಿ ಯಾಕೆ ಮಾಡಬೇಕು? ಮಾಡಿದರೂ ಅದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಸುಮಾರು 170 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಆಗ ಎದುರಿಗಿದ್ದದ್ದು ಉಗಿಯಂತ್ರ. ಉತ್ತರ ಹುಡುಕಲು ಹೊರಟವರಲ್ಲಿ ಕವಿಗಳು, ಮನೆ ಕಟ್ಟುವವರು, ಬಡಗಿಗಳು, ಬಣ್ಣ ಹಾಕುವವರು, ಕಸೂತಿ ಮಾಡುವವರು ಎಲ್ಲರೂ ಇದ್ದರು. ಅವರ ಕಥೆಯೇ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ.

ಹಾಗಂದ್ರೆ ಏನು?

ಚಿತ್ರ ಬರೆಯುವುದು, ಶಿಲ್ಪ ಕೆತ್ತುವುದು ದೊಡ್ಡ ಕಲೆ. ಕುರ್ಚಿ ಮಾಡುವುದು, ಬಟ್ಟೆಗೆ ಅಚ್ಚು ಹಾಕುವುದು, ಮಡಕೆ ಮಾಡುವುದು ಬರೀ ಕೂಲಿ ಕೆಲಸ. ಆ ಕಾಲದ ಇಂಗ್ಲೆಂಡಿನಲ್ಲಿ ಹೀಗೊಂದು ಬೇಲಿ ಇತ್ತು. ಚಿತ್ರಕಾರನಿಗೆ ಹೆಸರು, ಮರ್ಯಾದೆ. ಕುರ್ಚಿ ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಈ ಬೇಲಿಯನ್ನು ಕಿತ್ತುಹಾಕಬೇಕು ಎಂದವರು ಇವರು. ದಿನಾ ಕೈಗೆ ಸಿಗುವ ವಸ್ತುವೂ ಚೆನ್ನಾಗಿರಬೇಕು, ಅದನ್ನು ಮಾಡುವವರಿಗೂ ಆ ಕೆಲಸದಲ್ಲಿ ಖುಷಿ ಇರಬೇಕು ಎಂಬುದು ಅವರ ಮುಖ್ಯ ಮಾತು.

ಈ ಎರಡನೇ ಅರ್ಧವನ್ನು ಬಹಳ ಜನ ಮರೆಯುತ್ತಾರೆ. ಇದನ್ನು ಬಿಟ್ಟರೆ ಇಡೀ ಚಳವಳಿ ಸುಮ್ನೆ ಹೂಬಳ್ಳಿಯ ಫ್ಯಾಷನ್ ಥರ ಕಾಣುತ್ತದೆ.

ಹಾಗಾಗಿಯೇ ಇದನ್ನು ಒಂದು ಶೈಲಿ ಎನ್ನುವುದು ಕಷ್ಟ. ಇಂಗ್ಲೆಂಡಿನ ತುಂಬು ಚಿತ್ತಾರದ ಪರದೆಯೂ ಇದರಲ್ಲಿದೆ, ಅಮೆರಿಕದ ಬೋಳು ಓಕ್ ಮರದ ಕುರ್ಚಿಯೂ ಇದೆ. ಕಾಲ ಸುಮಾರು 1860ರಿಂದ ಮೊದಲ ಮಹಾಯುದ್ಧದವರೆಗೆ. ಹೆಸರು ಬಂದದ್ದು ತಡವಾಗಿ. 1887ರಲ್ಲಿ ಲಂಡನ್ನಿನಲ್ಲಿ 'ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಕ್ಸಿಬಿಷನ್ ಸೊಸೈಟಿ' ಶುರುವಾಯಿತು, ಮರುವರ್ಷ ಅದರ ಮೊದಲ ಪ್ರದರ್ಶನ ನಡೆಯಿತು. ಹೆಸರು ಸೂಚಿಸಿದವರು ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದ ಕಾಬ್ಡನ್-ಸ್ಯಾಂಡರ್ಸನ್.

ಗಾಜಿನ ಅರಮನೆಯಲ್ಲಿ ಕಂಡದ್ದು

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಮುಖ್ಯವಾಗಿ ಕಬ್ಬಿಣ ಮತ್ತು ಗಾಜಿನಿಂದ 'ಕ್ರಿಸ್ಟಲ್ ಪ್ಯಾಲೇಸ್' ಎಂಬ ಕಟ್ಟಡ ಕಟ್ಟಿದ್ದರು. ಐದೂವರೆ ತಿಂಗಳಲ್ಲಿ 60 ಲಕ್ಷಕ್ಕೂ ಜಾಸ್ತಿ ಜನ ಬಂದು ನೋಡಿದರು. ಸುಮಾರು ಒಂದು ಲಕ್ಷ ವಸ್ತುಗಳಿದ್ದವು. ಬ್ರಿಟನ್ನಿನ ಕಾರ್ಖಾನೆಗಳು ಏನೇನು ಮಾಡಬಲ್ಲವು ಎಂದು ಜಗತ್ತಿಗೆ ತೋರಿಸುವುದು ಉದ್ದೇಶ.

ಕೆಲವರಿಗೆ ಅಲ್ಲಿ ಹೆಮ್ಮೆಗಿಂತ ಕಸಿವಿಸಿಯೇ ಜಾಸ್ತಿಯಾಯಿತು. ಅಲಂಕಾರಕ್ಕೆ ಮಿತಿಯೇ ಇರಲಿಲ್ಲ. ಕಾಲಿಡಬೇಕಾದ ಕಾರ್ಪೆಟ್ ಮೇಲೆ ಎದ್ದು ಬಂದಂತೆ ಕಾಣುವ ಗುಲಾಬಿ ಗೊಂಚಲು. ಎರಕ ಹೊಯ್ದ ಕಬ್ಬಿಣಕ್ಕೆ ಮರದ ಕೆತ್ತನೆಯ ವೇಷ. ಯಾಕೆ ಹೀಗೆ? ಮೊದಲು ಒಂದು ಹೂವು ಕೆತ್ತಲು ಕುಶಲಕರ್ಮಿಗೆ ದಿನಗಟ್ಟಲೆ ಬೇಕಿತ್ತು. ಹಾಗಾಗಿ ಅಲಂಕಾರ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಯೋಚಿಸಿ ಹಾಕುತ್ತಿದ್ದರು. ಯಂತ್ರ ಬಂದ ಮೇಲೆ ಅದೇ ಹೂವು ನಿಮಿಷಕ್ಕೆ ಹತ್ತು ಬೀಳತೊಡಗಿತು. ಅಲಂಕಾರ ಅಗ್ಗವಾಯಿತು, ಯೋಚನೆ ನಿಂತುಹೋಯಿತು.

ಅದೇ ಪ್ರದರ್ಶನದಲ್ಲಿ ಭಾರತದ ವಿಭಾಗವೂ ಇತ್ತು. ಅಲ್ಲಿನ ಬಟ್ಟೆಗಳನ್ನು ಓವನ್ ಜೋನ್ಸ್‌ರಂಥ ವಿನ್ಯಾಸಕರು ಹೊಗಳಿದರು. ಚಿತ್ತಾರ ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂತಿದೆ, ಬಣ್ಣಗಳು ಒಂದಕ್ಕೊಂದು ಹೊಂದಿವೆ, ಅನಗತ್ಯ ತೋರಿಕೆ ಇಲ್ಲ ಎಂಬುದು ಅವರ ಮೆಚ್ಚುಗೆ. ಪ್ರದರ್ಶನ ಮುಗಿದ ಮೇಲೆ ಅಲ್ಲಿನ ಹಲವು ಭಾರತೀಯ ವಸ್ತುಗಳನ್ನು ಕೊಂಡು ಹೊಸ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ಇವತ್ತಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಬೆಳೆದದ್ದು ಅದರಿಂದಲೇ. ಮುಂದೆ ಇಂಗ್ಲೆಂಡಿನ ವಿನ್ಯಾಸಕರು ನೋಡಿ ಕಲಿತ ಬಟ್ಟೆಗಳಲ್ಲಿ ನಮ್ಮ ಕಡೆಯವೂ ಇದ್ದವು ಎಂಬುದು ನೆನಪಿರಲಿ.

ಮುಂದೆ ಈ ಚಳವಳಿಯ ಮುಖ್ಯ ವಿನ್ಯಾಸಕರಾದ, ಆಗ 17 ವರ್ಷದ ಹುಡುಗನಾಗಿದ್ದ ವಿಲಿಯಂ ಮಾರಿಸ್ ಮನೆಯವರ ಜೊತೆ ಬಂದರೂ ಒಳಗೆ ಹೋಗಲು ಒಪ್ಪಲಿಲ್ಲ ಎಂಬ ಕಥೆ ಪ್ರಸಿದ್ಧ.

ರಸ್ಕಿನ್ ಎತ್ತಿದ ತಕರಾರು

ವಸ್ತು ಚೆನ್ನಾಗಿಲ್ಲ ಎಂದವರು ಹಲವರಿದ್ದರು. ಜಾನ್ ರಸ್ಕಿನ್ ಕೇಳಿದ ಪ್ರಶ್ನೆ ಬೇರೆ. ಈ ವಸ್ತುವನ್ನು ಮಾಡಿದ ಮನುಷ್ಯ ಹೇಗಿದ್ದಾನೆ?

ರಸ್ಕಿನ್ ಕಲಾ ವಿಮರ್ಶಕರು. 1850ರ ದಶಕದ ಆರಂಭದಲ್ಲಿ ವೆನಿಸ್ ನಗರದ ಕಟ್ಟಡಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಗಾಜಿನ ಮಣಿಯ ಒಂದು ಉದಾಹರಣೆ ಬರುತ್ತದೆ. ಮಣಿ ಮಾಡಲು ಮೊದಲು ಗಾಜನ್ನು ಉದ್ದ ಕಡ್ಡಿಯಾಗಿ ಎಳೆಯುತ್ತಾರೆ. ಆ ಕಡ್ಡಿಯನ್ನು ಕಾರ್ಮಿಕರು ಚೂರು ಚೂರಾಗಿ ಕತ್ತರಿಸಬೇಕು. ಬೆಳಗಿನಿಂದ ಸಂಜೆವರೆಗೆ ಅದೊಂದೇ ಕೆಲಸ. ಕೈ ಒಂದೇ ಸಮನೆ ನಡುಗುತ್ತಿರುತ್ತದೆ, ಆಲಿಕಲ್ಲು ಬಿದ್ದಂತೆ ಮಣಿಗಳು ಕೆಳಗೆ ಉದುರುತ್ತಿರುತ್ತವೆ. ಕತ್ತರಿಸುವವನಿಗಾಗಲಿ, ಚೂರುಗಳನ್ನು ದುಂಡಗೆ ಮಾಡುವವನಿಗಾಗಲಿ ತನ್ನ ತಲೆ ಉಪಯೋಗಿಸುವ ಅವಕಾಶ ಒಂದು ಚೂರೂ ಇಲ್ಲ. ಈ ಮಣಿ ಕೊಳ್ಳುವವರು ಗುಲಾಮಗಿರಿಗೆ ಕೈ ಜೋಡಿಸಿದಂತೆ ಎಂದು ರಸ್ಕಿನ್ ಖಾರವಾಗಿಯೇ ಬರೆದರು.

ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದಕ್ಕೆ ಶ್ರಮ ವಿಭಜನೆ ಎನ್ನುತ್ತಾರೆ. ಕಾರ್ಖಾನೆ ನಡೆಯುವುದೇ ಇದರ ಮೇಲೆ. ಹೀಗೆ ತುಂಡಾಗುವುದು ಕೆಲಸವಲ್ಲ, ಅದನ್ನು ಮಾಡುವ ಮನುಷ್ಯ ಎಂಬುದು ರಸ್ಕಿನ್ ವಾದ.

ಅವರು ಇನ್ನೊಂದು ಮಾತೂ ಹೇಳಿದರು: ಎಲ್ಲದರಲ್ಲೂ ಪರಿಪೂರ್ಣ ನುಣುಪು ಬಯಸಬೇಡಿ. ನಮ್ಮ ಬಾಗಿಲ ಮುಂದಿನ ರಂಗೋಲಿಯನ್ನೇ ತಗೊಳ್ಳಿ. ಕೈಯಲ್ಲಿ ಬಿಟ್ಟ ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸ್ಟಿಕರ್ ರಂಗೋಲಿಯಲ್ಲಿ ಅಂಥ ಏರುಪೇರು ಇಲ್ಲ. ಆದರೆ ಕೈ ರಂಗೋಲಿಯಲ್ಲಿ ಚುಕ್ಕಿ ಎಷ್ಟು, ಎಳೆ ಎಲ್ಲಿ ತಿರುಗಬೇಕು, ಮೂಲೆಯಲ್ಲಿ ಹೂವೋ ದೀಪವೋ ಎಂದು ಒಬ್ಬರು ಆ ಕ್ಷಣದಲ್ಲಿ ತೀರ್ಮಾನಿಸಿದ್ದಾರೆ. ಸ್ಟಿಕರ್ ಕತ್ತರಿಸಿದವರಿಗೆ ತೀರ್ಮಾನಿಸುವಂಥದ್ದು ಏನೂ ಇರಲಿಲ್ಲ. ರಸ್ಕಿನ್ ಬೆಲೆ ಕೊಟ್ಟದ್ದು ಆ ತೀರ್ಮಾನಕ್ಕೆ. ಮಧ್ಯಯುಗದ ಚರ್ಚುಗಳ ಒರಟು ಕೆತ್ತನೆಯಲ್ಲಿ ಅವರಿಗೆ ಕಂಡದ್ದೂ ಅದೇ. ಆ ಕಾಲವನ್ನು ಅವರು ಸ್ವಲ್ಪ ಜಾಸ್ತಿಯೇ ಚೆಂದ ಮಾಡಿ ನೋಡಿದರು ಎಂಬುದೂ ನಿಜ. ಮಧ್ಯಯುಗದ ಕೂಲಿಯವರ ಬದುಕು ಅಷ್ಟೇನೂ ಸುಖದ್ದಾಗಿರಲಿಲ್ಲ.

ಪ್ಲಾಸ್ಟರ್ ಇಲ್ಲದ ಕೆಂಪು ಮನೆ

ರಸ್ಕಿನ್ ಬರೆದದ್ದನ್ನು ಮಾಡಿ ತೋರಿಸಲು ಹೊರಟವರು ವಿಲಿಯಂ ಮಾರಿಸ್. ಹುಟ್ಟಿದ್ದು 1834ರಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಪಾದ್ರಿಯಾಗಲೆಂದು ಆಕ್ಸ್‌ಫರ್ಡಿಗೆ ಹೋಗಿ ಕಲೆಯ ಕಡೆ ವಾಲಿದರು. 1859ರಲ್ಲಿ ಮದುವೆಯಾದಾಗ ಆರ್ಕಿಟೆಕ್ಟ್ ಗೆಳೆಯ ಫಿಲಿಪ್ ವೆಬ್ ಅವರಿಂದ ಲಂಡನ್ ಹತ್ತಿರದ ಬೆಕ್ಸ್‌ಲಿಹೀತ್‌ನಲ್ಲಿ ಒಂದು ಮನೆ ಕಟ್ಟಿಸಿದರು. ಅದೇ 'ರೆಡ್ ಹೌಸ್'.

ಆಗ ಸ್ಥಿತಿವಂತರು ಇಟ್ಟಿಗೆ ಗೋಡೆಗೆ ಗಾರೆ ಬಳಿದು ಕಲ್ಲಿನಂತೆ ಕಾಣಿಸುತ್ತಿದ್ದರು. ವೆಬ್ ಇಟ್ಟಿಗೆಯನ್ನು ಇಟ್ಟಿಗೆಯಾಗಿಯೇ ಬಿಟ್ಟರು. ಮುಂಭಾಗ ಎಡ ಬಲ ಸಮನಾಗಿರಬೇಕು ಎಂದು ಕಿಟಕಿ ಇಡಲಿಲ್ಲ. ಒಳಗಿನ ಕೋಣೆಗೆ ಬೆಳಕು ಎಲ್ಲಿಂದ ಬೇಕೋ ಅಲ್ಲಿ ಇಟ್ಟರು. ಹೊರಗಿನಿಂದ ನೋಡಿದರೆ ಕಿಟಕಿಗಳು ಚಿಕ್ಕವು, ದೊಡ್ಡವು, ಗುಂಡಗಿನವು, ಎಲ್ಲ ಥರ ಇವೆ. ಮನೆಯ ಒಳಗಿನ ಅಗತ್ಯ ಹೊರಗಿನ ರೂಪವನ್ನು ನಿರ್ಧರಿಸಲಿ ಎಂಬ ಈ ಯೋಚನೆ ಇವತ್ತು ಆರ್ಕಿಟೆಕ್ಚರ್ ಓದುವ ಎಲ್ಲರಿಗೂ ಮೊದಲ ಪಾಠ. ಆಗ ಅದು ಅಷ್ಟು ಸಹಜವಾಗಿರಲಿಲ್ಲ.

ಮನೆಯೇನೋ ಆಯಿತು, ಒಳಗಿಡಲು ಮನಸ್ಸಿಗೆ ಒಪ್ಪುವ ಸಾಮಾನು ಅಂಗಡಿಯಲ್ಲಿ ಸಿಗಲಿಲ್ಲ. ಗೆಳೆಯರೆಲ್ಲ ಸೇರಿ ತಾವೇ ಗೋಡೆಗೆ ಬಣ್ಣ ಬರೆದರು, ಬಟ್ಟೆಗೆ ಕಸೂತಿ ಹಾಕಿದರು, ಪೀಠೋಪಕರಣ ಮಾಡಿಸಿದರು. 1861ರಲ್ಲಿ ಅದೇ ಒಂದು ಕಂಪನಿಯಾಯಿತು. ಮುಂದೆ ಅದರ ಹೆಸರು 'ಮಾರಿಸ್ ಅಂಡ್ ಕಂಪನಿ'. ಉಪಯೋಗಕ್ಕೆ ಬರುತ್ತದೆಂದು ಗೊತ್ತಿರುವ ಅಥವಾ ಸುಂದರವೆಂದು ನಂಬಿರುವ ವಸ್ತುವನ್ನು ಬಿಟ್ಟು ಬೇರೇನನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು 1880ರ ಒಂದು ಭಾಷಣದಲ್ಲಿ ಮಾರಿಸ್ ಹೇಳಿದರು.

ಒಂದು ಮೀಟರ್ ಬಟ್ಟೆಯ ಹಿಂದೆ

ಈಗ ಮೊದಲಿಗೆ ಹೇಳಿದ ಆ ನೀಲಿ ಬಟ್ಟೆಗೆ ಬರೋಣ. ಅದರ ಹೆಸರು 'ಸ್ಟ್ರಾಬೆರಿ ಥೀಫ್', ಅಂದರೆ ಸ್ಟ್ರಾಬೆರಿ ಕಳ್ಳ. ವರ್ಷ 1883. ಮಾರಿಸ್ ಬಾಡಿಗೆಗೆ ಹಿಡಿದಿದ್ದ ಕೆಲ್ಮ್‌ಸ್ಕಾಟ್ ಎಂಬ ಹಳ್ಳಿ ಮನೆಯ ತೋಟದಲ್ಲಿ ಥ್ರಶ್ ಎಂಬ ಹಕ್ಕಿಗಳು ಬಲೆಯಡಿ ನುಸುಳಿ ಹಣ್ಣು ಕದಿಯುತ್ತಿದ್ದವು. ಚಿತ್ತಾರ ಹುಟ್ಟಿದ್ದು ಅಲ್ಲಿಂದ.

ಚಿತ್ತಾರ ಬರೆಯುವುದು ಸುಲಭದ ಭಾಗ. ಬಣ್ಣ ಕೂರಿಸುವುದೇ ಕಷ್ಟ. 1856ರಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಟಾರಿನಿಂದ ನೇರಳೆ ಬಣ್ಣ ತೆಗೆದ ಮೇಲೆ ರಾಸಾಯನಿಕ ಬಣ್ಣಗಳು ಮಾರುಕಟ್ಟೆ ತುಂಬಿದ್ದವು. ಅವು ಅಗ್ಗ, ಹೊಳಪು ಜಾಸ್ತಿ. ಆದರೆ ಕಣ್ಣಿಗೆ ಚುಚ್ಚುತ್ತಿದ್ದವು, ಬಿಸಿಲಿಗೆ ಹಾಳಾಗಿ ಮಂಕಾಗುತ್ತಿದ್ದವು. ಮಾರಿಸ್‌ಗೆ ಹಳೇ ಗಿಡಮೂಲಿಕೆಯ ಬಣ್ಣ ಬೇಕಿತ್ತು. ಆ ವಿದ್ಯೆ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 1875ರಿಂದ ಎರಡು ಮೂರು ವರ್ಷ ಲೀಕ್ ಎಂಬ ಊರಿನಲ್ಲಿ ಥಾಮಸ್ ವಾರ್ಡಲ್ ಅವರ ಬಣ್ಣದ ಮನೆಗೆ ಹೋಗಿ, ಹಳೇ ಪುಸ್ತಕ ಓದಿ, ತಾವೇ ತೊಟ್ಟಿಗೆ ಕೈಹಾಕಿ ಕಲಿತರು. ಕೈಯೆಲ್ಲ ನೀಲಿ ಮಾಡಿಕೊಂಡು ತಿರುಗುತ್ತಿದ್ದರಂತೆ. 1881ರಲ್ಲಿ ಲಂಡನ್ನಿನ ದಕ್ಷಿಣಕ್ಕೆ, ವಾಂಡಲ್ ನದಿ ದಂಡೆಯ ಮರ್ಟನ್ ಆಬಿಯಲ್ಲಿ ಸ್ವಂತ ಕಾರ್ಯಾಗಾರ ಮಾಡಿದರು. ನದಿಯ ತಿಳಿ ನೀರು ಬಟ್ಟೆ ತೊಳೆಯಲು ಹೇಳಿಮಾಡಿಸಿದಂತಿತ್ತು.

ನೀಲಿಗೆ ಬೇಕಾದ್ದು ಇಂಡಿಗೋ, ಅಂದರೆ ನಮ್ಮ ನೀಲಿಗಿಡದ ಬಣ್ಣ. ಆ ಕಾಲದಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಇಂಡಿಗೋದಲ್ಲಿ ಹೆಚ್ಚಿನ ಪಾಲು ಭಾರತದ್ದೇ. ಇದರ ಗುಣ ವಿಚಿತ್ರ. ನೀರಿನಲ್ಲಿ ಕರಗುವುದಿಲ್ಲ. ಆಮ್ಲಜನಕ ಇಲ್ಲದ ತೊಟ್ಟಿಯಲ್ಲಿ ಅದನ್ನು ರಾಸಾಯನಿಕವಾಗಿ ಬದಲಾಯಿಸಿದರೆ ಮಾತ್ರ ಕರಗುತ್ತದೆ. ಹಾಗೆ ಕರಗಿದ ತೊಟ್ಟಿಗೆ ಬಟ್ಟೆ ಅದ್ದಿ ಎತ್ತಿದರೆ ಮೊದಲು ಹಳದಿ ಹಸಿರಾಗಿ ಕಾಣುತ್ತದೆ. ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಇಂಥ ಬಣ್ಣವನ್ನು ಅಚ್ಚಿನಿಂದ ಬೇಕಾದ ಕಡೆ ಮಾತ್ರ ಒತ್ತುವುದು ಬಲು ಕಷ್ಟ.

ಅದಕ್ಕೆ ಮಾರಿಸ್ ಹಿಡಿದದ್ದು ತಿರುಗಾಮುರುಗಾ ದಾರಿ. ಮೊದಲು ಇಡೀ ಬಿಳಿ ಹತ್ತಿ ಬಟ್ಟೆಯನ್ನು ಗಾಢ ನೀಲಿಯಲ್ಲಿ ಅದ್ದುವುದು. ಆಮೇಲೆ ಮರದ ಅಚ್ಚಿಗೆ ಬಣ್ಣ ತೆಗೆಯುವ ರಾಸಾಯನಿಕ ಹಚ್ಚಿ ಒತ್ತುವುದು. ಪೂರ್ತಿ ಬಿಳಿ ಬೇಕಾದ ಕಡೆ ಖಾರವಾದದ್ದು, ತಿಳಿ ನೀಲಿ ಬೇಕಾದ ಕಡೆ ಮೆದುವಾದದ್ದು. ತೊಳೆದಾಗ ಒಂದೇ ಬಟ್ಟೆಯಲ್ಲಿ ಗಾಢ ನೀಲಿ, ತಿಳಿ ನೀಲಿ, ಬಿಳಿ ಮೂರೂ ಬರುತ್ತವೆ. ಅದರ ಮೇಲೆ ಕೆಂಪು ಕೂರಿಸಬೇಕು. ಅದು ಅಲಿಜರಿನ್, ಮ್ಯಾಡರ್ ಎಂಬ ಗಿಡದ ಬೇರಿನಲ್ಲಿರುವ ಬಣ್ಣದ ಅಂಶ. ಕೊನೆಗೆ ವೆಲ್ಡ್ ಎಂಬ ಗಿಡದ ಹಳದಿ. ತಿಳಿ ನೀಲಿಯ ಮೇಲೆ ಹಳದಿ ಬಿದ್ದ ಕಡೆ ಎಲೆ ಹಸಿರಾಗುತ್ತದೆ. ಒಂದೊಂದು ಹಂತವಾದ ಮೇಲೂ ತೊಳೆಯಬೇಕು, ಒಣಗಿಸಬೇಕು. ಮುಂದಿನ ಅಚ್ಚು ಕೂದಲೆಳೆಯಷ್ಟು ಆಚೀಚೆಯಾದರೂ ಹಕ್ಕಿಯ ಕಣ್ಣು ಕೊಕ್ಕಿನ ಮೇಲೆ ಹೋಗಿ ಕೂರುತ್ತದೆ.

ನೀಲಿ ಬಿಳಿಯ ಈ ವಿಧಾನಕ್ಕೆ ಮಾರಿಸ್ ಕೆಂಪು, ಹಳದಿ ಸೇರಿಸಿದ್ದು ಇದೇ ಚಿತ್ತಾರದಲ್ಲಿ ಮೊದಲು. ಪೂರ್ತಿ ಆಗಲು ದಿನಗಳೇ ಹಿಡಿಯುತ್ತಿದ್ದವು. ಕಂಪನಿಯ ಅಚ್ಚಿನ ಹತ್ತಿ ಬಟ್ಟೆಗಳಲ್ಲಿ ಅತಿ ದುಬಾರಿಯಾದವುಗಳಲ್ಲಿ ಇದೂ ಒಂದಾಯಿತು. ಇವತ್ತು ಅದೇ ಚಿತ್ತಾರ ಡಿಜಿಟಲ್ ಪ್ರಿಂಟರ್‌ನಲ್ಲಿ ನಿಮಿಷಗಳಲ್ಲಿ ಇಳಿಯುತ್ತದೆ.

ಬಡವರಿಗೆಂದು ಮಾಡಿದ್ದು ಶ್ರೀಮಂತರ ಮನೆ ಸೇರಿತು

ಇಲ್ಲಿಗೆ ಚಳವಳಿಯ ದೊಡ್ಡ ಇಕ್ಕಟ್ಟು ಬಂತು. ಕೆಲಸಗಾರನಿಗೆ ಸಾಕಷ್ಟು ಸಮಯ, ಒಳ್ಳೆ ಸಾಮಗ್ರಿ, ಸರಿಯಾದ ಕೂಲಿ ಕೊಟ್ಟರೆ ಬೆಲೆ ಏರುತ್ತದೆ. ಬೆಲೆ ಏರಿದರೆ ಕೊಳ್ಳುವವರು ಶ್ರೀಮಂತರು ಮಾತ್ರ. ಎಲ್ಲರಿಗೂ ಕಲೆ ಎಂದು ಹೇಳುತ್ತಲೇ ಮಾರಿಸ್ ದೊಡ್ಡವರ ಬಂಗಲೆಗಳನ್ನು ಸಿಂಗರಿಸುತ್ತಿದ್ದರು. ಇದು ಅವರನ್ನು ಒಳಗೊಳಗೇ ಕೊರೆಯಿತು. ಒಳ್ಳೆ ಕುರ್ಚಿಯೊಂದರಿಂದ ಏನೂ ಆಗದು, ಸಮಾಜವೇ ಬದಲಾಗಬೇಕು ಎಂದುಕೊಂಡು 1883ರಲ್ಲಿ ಸಮಾಜವಾದಿ ಸಂಘಟನೆ ಸೇರಿದರು. ಬೀದಿ ಬೀದಿಯಲ್ಲಿ ಭಾಷಣ ಮಾಡಿದರು.

ಅವರ ಬದುಕಿನಲ್ಲಿ ಕಪ್ಪು ಚುಕ್ಕೆಯೂ ಇತ್ತು. ಅವರ ಮನೆಯ ಸಂಪತ್ತು ಬಂದದ್ದು ಡೆವನ್ ಗ್ರೇಟ್ ಕನ್ಸಾಲ್ಸ್ ಎಂಬ ಗಣಿಯ ಷೇರುಗಳಿಂದ. ಮೊದಲು ತಾಮ್ರ ತೆಗೆಯುತ್ತಿದ್ದ ಆ ಗಣಿ ಆಮೇಲೆ ಆರ್ಸೆನಿಕ್ ಎಂಬ ವಿಷದ ದೊಡ್ಡ ಉತ್ಪಾದಕವಾಯಿತು. ಮಾರಿಸ್ ಕೆಲವು ವರ್ಷ ಅದರ ನಿರ್ದೇಶಕರಾಗಿದ್ದರು, 1875ರಲ್ಲಿ ಬಿಟ್ಟರು. ಅವರ ಮೊದಮೊದಲ ವಾಲ್‌ಪೇಪರ್‌ಗಳ ಹಸಿರಿನಲ್ಲೂ ಆರ್ಸೆನಿಕ್ ಇತ್ತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಮಾಡಬೇಕು. ಮಾರಿಸ್ ಯಂತ್ರದ ಕಡುವೈರಿ ಎಂದು ಹಲವರು ಬರೆಯುತ್ತಾರೆ. ಅವರ ಕಂಪನಿಯೇ ಕೆಲವು ಕಾರ್ಪೆಟ್‌ಗಳನ್ನು ಯಂತ್ರದಲ್ಲಿ ನೇಯಿಸುತ್ತಿತ್ತು. ಬೇಸರದ, ಬೆನ್ನು ಮುರಿಯುವ ಕೆಲಸಕ್ಕೆ ಯಂತ್ರ ಬರಲಿ ಎಂದೇ ಅವರು ಹೇಳುತ್ತಿದ್ದರು. ಯಂತ್ರ ಮನುಷ್ಯನ ಕೈಯಲ್ಲಿದೆಯೋ, ಮನುಷ್ಯ ಯಂತ್ರದ ಕೈಯಲ್ಲಿದ್ದಾನೋ ಎಂಬುದು ಅವರ ಚಿಂತೆ.

ಬೆಲೆಯ ಇಕ್ಕಟ್ಟು ಎಷ್ಟು ನಿಷ್ಠುರ ಎಂದು ನೋಡಲು ಸಿ. ಆರ್. ಆಶ್ಬಿ ಅವರ ಕಥೆ ಸಾಕು. ಅವರು 1888ರಲ್ಲಿ ಲಂಡನ್ನಿನ ಬಡ ಬಡಾವಣೆಯಾದ ಈಸ್ಟ್ ಎಂಡ್‌ನಲ್ಲಿ 'ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್' ಎಂಬ ಕುಶಲಕರ್ಮಿಗಳ ಸಂಘ ಶುರುಮಾಡಿದರು. ಬೆಳ್ಳಿ, ಮರ, ಚರ್ಮದ ಕೆಲಸ. ನಿರ್ಧಾರಗಳಲ್ಲಿ ಕೆಲಸಗಾರರಿಗೂ ಪಾಲು. 1902ರಲ್ಲಿ ಇಡೀ ಗಿಲ್ಡ್, ಹೆಂಡತಿ ಮಕ್ಕಳು ಸೇರಿ ಸುಮಾರು 150 ಜನ, ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಪುಟ್ಟ ಊರಿಗೆ ಬಂದು ನೆಲೆಸಿದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆದರೆ ಲಂಡನ್ನಿನ ಗಿರಾಕಿಗಳು ದೂರವಾದರು. ಆರ್ಡರ್ ಕಡಿಮೆಯಾದಾಗ ಬೇರೆ ಕಡೆ ಕೆಲಸ ಹುಡುಕಲು ಹಳ್ಳಿಯಲ್ಲಿ ದಾರಿಯಿರಲಿಲ್ಲ. ಅಷ್ಟರಲ್ಲಿ ಲಂಡನ್ನಿನ ಲಿಬರ್ಟಿ ಅಂಗಡಿ ಇದೇ ಥರದ ಬೆಳ್ಳಿ ಸಾಮಾನನ್ನು ಹೆಚ್ಚಾಗಿ ಯಂತ್ರದಲ್ಲಿ ಮಾಡಿಸಿ, ಮೇಲೆ ಸುತ್ತಿಗೆಯ ಗುರುತು ಮೂಡಿಸಿ, ಕಡಿಮೆ ಬೆಲೆಗೆ ಮಾರುತ್ತಿತ್ತು. 1908ರ ಹೊತ್ತಿಗೆ ಗಿಲ್ಡ್ ಮುಚ್ಚಿತು.

ಕೈಕೆಲಸದ ನೋಟ ಯಂತ್ರಕ್ಕೆ ಸಿಕ್ಕಿತು, ಕೆಲಸಗಾರನ ಪಾಲು ಯಾರಿಗೂ ಸಿಗಲಿಲ್ಲ. ಆಶ್ಬಿ ಅವರ ಆ ಊರಿನಲ್ಲಿ ಹಾರ್ಟ್ ಎಂಬ ಮನೆತನದವರು ಮಾತ್ರ ಇವತ್ತಿಗೂ ಬೆಳ್ಳಿ ಕೆಲಸ ಮುಂದುವರಿಸಿದ್ದಾರೆ.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಬಾರದು. ಮಾರಿಸ್ ಅವರ ಮಗಳು ಮೇ ಮಾರಿಸ್ 1885ರಲ್ಲಿ, 23ನೇ ವಯಸ್ಸಿಗೇ, ಕಂಪನಿಯ ಕಸೂತಿ ವಿಭಾಗದ ಹೊಣೆ ಹೊತ್ತರು. ಸ್ವತಃ ದೊಡ್ಡ ವಿನ್ಯಾಸಕಿ. ಆದರೂ ಆರ್ಟ್ ವರ್ಕರ್ಸ್ ಗಿಲ್ಡ್ ಎಂಬ ಮುಖ್ಯ ಸಂಘ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1907ರಲ್ಲಿ ಮೇ ಮತ್ತು ಗೆಳತಿಯರು ವಿಮೆನ್ಸ್ ಗಿಲ್ಡ್ ಆಫ್ ಆರ್ಟ್ಸ್ ಎಂಬ ತಮ್ಮದೇ ಸಂಘ ಕಟ್ಟಿದರು.

ಡಿಸೈನ್ ಮೇಲೆ ಬಿದ್ದ ಪ್ರಭಾವ

ಗಿಲ್ಡ್‌ಗಳು ಮುಚ್ಚಿದವು, ಯೋಚನೆಗಳು ಊರೂರು ಸುತ್ತಿದವು.

ಅಮೆರಿಕದಲ್ಲಿ ಗುಸ್ಟಾವ್ ಸ್ಟಿಕ್ಲಿ ಗಟ್ಟಿ ಓಕ್ ಮರದ ನೇರ ಗೆರೆಯ ಕುರ್ಚಿ, ಮೇಜು ಮಾಡಿದರು. ಮರಕ್ಕೆ ಮರ ಸೇರುವ ಜೋಡಣೆಯನ್ನು ಮುಚ್ಚದೆ ಎದ್ದು ಕಾಣುವಂತೆ ಬಿಟ್ಟರು. ಅದೇ ಅಲಂಕಾರವಾಯಿತು. ಯಂತ್ರ ಬಳಸಲು ಅವರಿಗೆ ಸಂಕೋಚವಿರಲಿಲ್ಲ, ಹಾಗಾಗಿ ಮಧ್ಯಮ ವರ್ಗಕ್ಕೂ ಎಟುಕಿತು. 1901ರಿಂದ ಅವರು ನಡೆಸಿದ ಪತ್ರಿಕೆ ಓದುಗರಿಗೆ ಮನೆ ನಕ್ಷೆಗಳನ್ನೇ ಕೊಡುತ್ತಿತ್ತು. ಅದೇ ವರ್ಷ ಷಿಕಾಗೋದಲ್ಲಿ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಒಂದು ಭಾಷಣ ಮಾಡಿ, ಯಂತ್ರವೂ ಕಲಾವಿದನ ಉಪಕರಣವೇ, ಅದನ್ನು ಸರಿಯಾಗಿ ಬಳಸುವುದನ್ನು ಕಲಿಯೋಣ ಎಂದರು. ಮಾರಿಸ್‌ಗೆ ಗೌರವ ಕೊಡುತ್ತಲೇ ಬೇರೆ ದಾರಿ ತೋರಿಸಿದ ಮಾತು ಅದು.

ಜರ್ಮನಿಯ ದಾರಿ ಇನ್ನೂ ಮುಖ್ಯ. ಹರ್ಮನ್ ಮುಥೇಸಿಯಸ್ ಎಂಬ ಆರ್ಕಿಟೆಕ್ಟ್ 1896ರಿಂದ 1903ರವರೆಗೆ ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಲ್ಲಿದ್ದರು. ಇಂಗ್ಲಿಷ್ ಮನೆಗಳನ್ನು ಒಂದೊಂದಾಗಿ ನೋಡಿ ಮೂರು ಸಂಪುಟದ ಪುಸ್ತಕ ಬರೆದರು. 1907ರಲ್ಲಿ ಕಲಾವಿದರು ಮತ್ತು ಕಾರ್ಖಾನೆಗಳು ಒಟ್ಟಿಗೆ ಸೇರಿದ 'ವೆರ್ಕ್‌ಬುಂಡ್' ಸಂಘದ ಹಿಂದೆ ಇದ್ದವರಲ್ಲಿ ಅವರೂ ಒಬ್ಬರು. ಕಾರ್ಖಾನೆಯಿಂದ ಓಡಿಹೋಗುವ ಬದಲು ಅದರ ಒಳಗೇ ಹೋಗಿ ವಸ್ತುವನ್ನು ಚೆನ್ನಾಗಿ ಮಾಡಿಸೋಣ ಎಂಬುದು ಆ ಸಂಘದ ಯೋಚನೆ. ಇಂಡಸ್ಟ್ರಿಯಲ್ ಡಿಸೈನರ್ ಎಂಬ ಇವತ್ತಿನ ಉದ್ಯೋಗ ರೂಪ ಪಡೆದದ್ದು ಇಂಥ ಕಡೆ.

1919ರಲ್ಲಿ ವಾಲ್ಟರ್ ಗ್ರೋಪಿಯಸ್ ವೈಮಾರ್‌ನಲ್ಲಿ 'ಬೌಹೌಸ್' ಶಾಲೆ ತೆರೆದರು. ಅದರ ಮೊದಲ ಪ್ರಣಾಳಿಕೆ ಕಲಾವಿದರೆಲ್ಲ ಕೈಕಸುಬಿಗೆ ಮರಳಬೇಕು ಎಂದಿತು. ಒಂದೊಂದು ಕಾರ್ಯಾಗಾರಕ್ಕೂ ಇಬ್ಬರು ಗುರುಗಳು: ರೂಪದ ಪಾಠಕ್ಕೆ ಒಬ್ಬ ಕಲಾವಿದ, ಕೈಯ ಪಾಠಕ್ಕೆ ಒಬ್ಬ ಕುಶಲಕರ್ಮಿ. 1923ರ ಹೊತ್ತಿಗೆ ಶಾಲೆ ತಂತ್ರಜ್ಞಾನದ ಕಡೆ ತಿರುಗಿತು. ಉಕ್ಕಿನ ಕೊಳವೆಯ ಕುರ್ಚಿಗಳು ಬಂದದ್ದು ಆಮೇಲೆ. ನೋಡಲು ಅವಕ್ಕೂ ಮಾರಿಸ್ ಹೂಬಳ್ಳಿಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಸಾಮಗ್ರಿ ಯಾವುದೋ ಅದಾಗಿಯೇ ಕಾಣಲಿ, ಉಪಯೋಗಕ್ಕೆ ತಕ್ಕ ರೂಪವಿರಲಿ, ಡಿಸೈನ್ ಕಲಿಯುವವರು ಕೈಯಲ್ಲಿ ಮಾಡಿ ಕಲಿಯಲಿ ಎಂಬ ಮೂರು ಮಾತು ಮಾತ್ರ ಎರಡೂ ಕಡೆ ಒಂದೇ.

ಅಕ್ಷರಗಳಲ್ಲೂ ಈ ಪ್ರಭಾವ ಇದೆ. ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಶುರುಮಾಡಿ ಕಾಗದ, ಶಾಯಿ, ಅಚ್ಚಿನ ಮೊಳೆ ಎಲ್ಲವನ್ನೂ ಹೊಸದಾಗಿ ಯೋಚಿಸಿದರು. ಮುಂದಿನ ಪೀಳಿಗೆಯ ಎಡ್ವರ್ಡ್ ಜಾನ್‌ಸ್ಟನ್ ಹಳೇ ಕೈಬರಹಗಳನ್ನು ನೋಡಿ ಬರವಣಿಗೆ ಕಲಿತು, ಕಲಿಸಿದರು. ಲಂಡನ್ ಅಂಡರ್‌ಗ್ರೌಂಡ್ ರೈಲಿನ ಫಲಕಗಳಿಗೆ ಅವರು ಮಾಡಿದ ಅಕ್ಷರ 1916ರಿಂದ ಬಳಕೆಗೆ ಬಂತು. ಲಂಡನ್ನಿನಲ್ಲಿರುವ ಕನ್ನಡಿಗರು ದಿನಾ ಸ್ಟೇಷನ್ ಹೆಸರು ಓದುವುದು ಅದರ ಈಗಿನ ರೂಪದಲ್ಲೇ.

ಜಪಾನಿನಲ್ಲಿ ಯಾನಾಗಿ ಸೋಯೆತ್ಸು 1920ರ ದಶಕದಲ್ಲಿ ಕಟ್ಟಿದ 'ಮಿಂಗೇ' ಚಳವಳಿಯೂ ಇದರ ನೆಂಟನೇ. ಹೆಸರಿಲ್ಲದ ಕುಂಬಾರ ಮಾಡಿದ ಅನ್ನದ ಬಟ್ಟಲನ್ನು ಅದು ಮ್ಯೂಸಿಯಂಗೆ ತಂದಿತು.

ನಮ್ಮ ದೇಶದ ಕಡೆ

ಭಾರತದ ಜೊತೆಗಿನ ಸಂಬಂಧ ಬರೀ ಇಂಡಿಗೋದ್ದಲ್ಲ. 1879ರ ಒಂದು ಭಾಷಣದಲ್ಲಿ ಮಾರಿಸ್ ನೇರವಾಗಿ ಹೇಳಿದರು: ಭಾರತದ ಕುಶಲ ಕಲೆಗಳ ಬೆಲೆ ನಮ್ಮ ಜನಕ್ಕೆ ಈಗಷ್ಟೇ ಗೊತ್ತಾಗುತ್ತಿದೆ, ಅದೇ ಹೊತ್ತಿಗೆ ನಮ್ಮ ಆಳ್ವಿಕೆ ಮತ್ತು ವ್ಯಾಪಾರ ಅವನ್ನು ಗುಡಿಸಿಹಾಕುತ್ತಿವೆ. ಸರ್ಕಾರ ಜೈಲುಗಳಲ್ಲಿ ಕೈದಿಗಳಿಂದ ಅಗ್ಗದ ಕಾರ್ಪೆಟ್ ನೇಯಿಸುತ್ತಿದ್ದುದನ್ನು ಅವರು ಟೀಕಿಸಿದರು. ಅಗ್ಗದ ಮಾಲು ಬಂದಾಗ ಒಳ್ಳೆ ನೇಕಾರನೂ ಅದೇ ಮಟ್ಟಕ್ಕೆ ಇಳಿಯಬೇಕಾಗುತ್ತದೆ ಎಂಬುದು ಅವರ ಆತಂಕ.

ಮುಂದೆ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಈ ಕೊಂಡಿಯನ್ನು ಗಟ್ಟಿ ಮಾಡಿದರು. ಸಿಂಹಳದ ತಮಿಳು ತಂದೆ, ಇಂಗ್ಲಿಷ್ ತಾಯಿ. ಇಂಗ್ಲೆಂಡಿನಲ್ಲಿ ಅವರ ಮನೆ ಇದ್ದದ್ದು ಆಶ್ಬಿ ಅವರ ಊರಿನ ಪಕ್ಕದಲ್ಲೇ. ಆ ಹಳೇ ಕಟ್ಟಡವನ್ನು ದುರಸ್ತಿ ಮಾಡಿಕೊಟ್ಟವರೂ ಆಶ್ಬಿ. ಸಿಂಹಳದ ಕುಶಲಕರ್ಮಿಗಳ ಬಗ್ಗೆ ಅವರು ಬರೆದ ಪುಸ್ತಕ 1908ರಲ್ಲಿ ಅಚ್ಚಾದದ್ದು ಮಾರಿಸ್ ಬಳಸುತ್ತಿದ್ದ ಮುದ್ರಣ ಯಂತ್ರದಲ್ಲಿ. ಮರುವರ್ಷ ಭಾರತದ ಕುಶಲಕರ್ಮಿಗಳ ಬಗ್ಗೆ ಬರೆದ ಪುಸ್ತಕಕ್ಕೆ ಆಶ್ಬಿ ಮುನ್ನುಡಿ ಬರೆದರು.

ಇನ್ನೊಂದು ಎಳೆ ಗಾಂಧೀಜಿಯವರದು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಅವರು ರಸ್ಕಿನ್ ಅವರ 'ಅನ್ ಟು ದಿಸ್ ಲಾಸ್ಟ್' ಓದಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ದುಡಿಮೆಯ ಬದುಕೇ ಬದುಕು ಎಂಬ ಪಾಠ ಅಲ್ಲಿ ಸಿಕ್ಕಿತು. ಫೀನಿಕ್ಸ್ ಆಶ್ರಮ ಹುಟ್ಟಿತು. ಆ ಪುಸ್ತಕವನ್ನು ಗುಜರಾತಿಗೆ ಇಳಿಸಿ 'ಸರ್ವೋದಯ' ಎಂದು ಹೆಸರಿಟ್ಟರು. ಚರಕ, ಖಾದಿಗೆ ಬೇರೆ ಬೇರುಗಳೂ ಇವೆ. ರಸ್ಕಿನ್ ಅದರಲ್ಲಿ ಒಂದು.

ಸ್ವಾತಂತ್ರ್ಯ ಬಂದ ಮೇಲೆ ಕೈಕೆಲಸಕ್ಕೆ ಸರ್ಕಾರದೊಳಗೇ ಜಾಗ ಮಾಡಿಸಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅವರು ಬಂದದ್ದು ಮಾರಿಸ್ ದಾರಿಯಿಂದಲ್ಲ, ಗಾಂಧಿ ಮತ್ತು ಸ್ವದೇಶಿಯ ದಾರಿಯಿಂದ. ಆದರೆ ಹಿಡಿದ ಪ್ರಶ್ನೆ ಅದೇ: ವಸ್ತು ಉಳಿಯಬೇಕಾದರೆ ಮಾಡುವವರು ಉಳಿಯಬೇಕು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ವರ್ಷಗಟ್ಟಲೆ ಮುನ್ನಡೆಸಿದರು. ಊರೂರು ತಿರುಗಿ ನಿಂತುಹೋಗುತ್ತಿದ್ದ ಕಸುಬುಗಳನ್ನು ಹುಡುಕಿದರು. ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಬರಲು ಕಾರಣರಾದರು. ಕುರ್ಚಿ ಮಾಡಿದವನ ಹೆಸರು ಗೊತ್ತಾಗಬೇಕು ಎಂಬ ಆ ಹಳೇ ಆಸೆ ಇಲ್ಲಿ ಹೀಗೆ ಕೈಗೂಡಿತು.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿ ನಮ್ಮ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ ವಸ್ತು ನಮ್ಮ ನೀರಿನ ಚೊಂಬು. ಅದನ್ನು ಒಬ್ಬರು ಕೂತು ಡಿಸೈನ್ ಮಾಡಿದ್ದಲ್ಲ, ತಲೆಮಾರುಗಳ ಕೈ ಅದನ್ನು ತಿದ್ದಿದೆ ಎಂದರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಶುರುವಾಯಿತು. ಈಗ ಬೆಂಗಳೂರಿನಲ್ಲೂ ಅದರ ಕ್ಯಾಂಪಸ್ ಇದೆ.

ಕೊಳ್ಳುವಾಗ ಏನು ನೋಡಬೇಕು?

'ಹ್ಯಾಂಡ್‌ಮೇಡ್' ಎಂಬ ಪದವನ್ನು ಯಾರು ಬೇಕಾದರೂ ಬರೆಯಬಹುದು. ಲಿಬರ್ಟಿ ಅಂಗಡಿಯ ಸುತ್ತಿಗೆ ಗುರುತಿನ ಥರ ಬಟ್ಟೆಯ ಮೇಲಿನ ಏರುಪೇರನ್ನೂ ಈಗ ಪ್ರಿಂಟ್ ಮಾಡುತ್ತಾರೆ. ಮರದ ಅಚ್ಚಿನ ಬಟ್ಟೆಯಾದರೆ ಹಿಂಬದಿ ತಿರುಗಿಸಿ ನೋಡಿ, ಸಾಮಾನ್ಯವಾಗಿ ಬಣ್ಣ ಅಲ್ಲಿಗೂ ಇಳಿದಿರುತ್ತದೆ. ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಸಣ್ಣ ಸಂದು ಅಥವಾ ದಪ್ಪ ಗೆರೆ ಕಾಣಬಹುದು. ಆ ವ್ಯತ್ಯಾಸ ಪ್ರತಿ ಸಲವೂ ಒಂದೇ ಥರ ಮರಳಿ ಬರುತ್ತಿದ್ದರೆ ಅದು ಯಂತ್ರದ್ದು ಎಂದು ಅನುಮಾನಿಸಬಹುದು.

ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಬಿದರಿ ಕೆಲಸಕ್ಕೆ ಜಿಐ ಟ್ಯಾಗ್ ಇದೆ. ವಸ್ತು ಯಾವ ಊರಿನದು ಎಂಬುದಕ್ಕೆ ಅದು ಆಧಾರ. ಕೈಮಗ್ಗದ ಬಟ್ಟೆಗೆ 2006ರಿಂದ 'ಹ್ಯಾಂಡ್‌ಲೂಮ್ ಮಾರ್ಕ್' ಇದೆ. ಅದು ಮಗ್ಗ ಯಾವುದು ಎಂದು ಹೇಳುತ್ತದೆ. ಮಾಡಿದವರಿಗೆ ಎಷ್ಟು ಸಿಕ್ಕಿತು ಎಂಬುದನ್ನು ಈ ಎರಡು ಗುರುತುಗಳೂ ಹೇಳುವುದಿಲ್ಲ. ಅದನ್ನು ಮಾರುವವರನ್ನೇ ಕೇಳಬೇಕು. ಸಾಧ್ಯವಿದ್ದರೆ ನೇಕಾರರ ಸಹಕಾರ ಸಂಘದಲ್ಲೋ, ಮಾಡಿದವರೇ ಮಳಿಗೆ ಹಾಕುವ ಮೇಳದಲ್ಲೋ ಕೊಳ್ಳಬೇಕು.